ನಮ್ಮ ಮನೆಯ ಬೆಳಕಿಗೆ ನಂಬರು ಹಾಕಿದವನು

ಇವತ್ತು ಭಾನುವಾರ. ಬೆಳಿಗ್ಗೆ ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಹಾಲು ಕಾಯಿಸಿದೆ. ನಿನ್ನೆ ಬಟ್ಟೆಯಲ್ಲಿ ಕಟ್ಟಿಟ್ಟಿದ್ದ ಹುರುಳಿಕಾಳು ಮೊಳಕೆ ಬಂದಿದೆಯೇ ಎಂದು ಬಿಚ್ಚಿ ನೋಡಿ, ಇನ್ನೂ ಸ್ವಲ್ಪ ಬರಲಿ ಎಂದು ಮತ್ತೆ ಕಟ್ಟಿದೆ. ಅತ್ತೆಯವರ ಕಣ್ಣಿಗೆ ಔಷಧಿ ಬಿಟ್ಟೆ. ಉಪ್ಪಿಟ್ಟು ಕೆದಕಿದೆ. ಪಂಚೆ ಎರಡು, ಸೀರೆ ಎರಡು, ಸಣ್ಣಪುಟ್ಟದ್ದು ಒಂದು ಬಕೆಟ್ಟು ಒಗೆದು ಹರವಿದೆ. ಒಂದು ಖಾಕಿ ಅಂಗಿಗೆ ಗುಂಡಿ ಹೊಲಿದೆ. ಆಮೇಲೆ ಕೈಯಲ್ಲಿ ಲಾಟೀನು ಹಿಡಿದು ಹಜಾರದಲ್ಲಿ ಪೂರ್ವಕ್ಕೆ ಮೂರು ಹೆಜ್ಜೆ, ಪಶ್ಚಿಮಕ್ಕೆ ಮೂರು, ಉತ್ತರಕ್ಕೆ ಮೂರು, ದಕ್ಷಿಣಕ್ಕೆ ಮೂರು ಹೆಜ್ಜೆ ನಡೆದೆ. ಒಂದೊಂದು ಹೆಜ್ಜೆಗೂ ಕಾಲೆತ್ತಿಕೊಂಡು ಒಂದು ನಿಮಿಷ ಕೊಕ್ಕರೆಯ ಹಾಗೆ ನಿಂತೆ.

ಇದು ಯಾವ ವ್ರತ ಎಂದು ಕೇಳಬೇಡಿ. ವ್ರತವಾಗಿದ್ದರೆ ಕೊನೆಗೆ ಪ್ರಸಾದವಾದರೂ ಸಿಗುತ್ತಿತ್ತು! ನಮ್ಮ ಮನೆಯಲ್ಲಿ ಬೆಳಕನ್ನು ಎಣಿಸುವವನೊಬ್ಬನಿದ್ದಾನೆ. ಎಣಿಸುವುದು ಎಂದರೆ ಎಣಿಸುವುದೇ. ಸಂತೆಯಲ್ಲಿ ಕೊತ್ತಂಬರಿ ಕಟ್ಟು ಎಣಿಸುತ್ತಾರಲ್ಲ, ಹಾಗೆ. ಕಿಟಕಿಯ ಬಳಿ ಒಂಬತ್ತು ಬೆಳಕು, ಬಾಗಿಲ ಹತ್ತಿರ ಏಳು, ಮಂಚದ ಕೆಳಗೆ ಸೊನ್ನೆ! ತಲೆ ಸರಿಯಿದೆಯಾ ಎನ್ನುತ್ತೀರಾ? ಸರಿಯಾಗಿಯೇ ಇರಬೇಕು. ಯಾವ ಡಾಕ್ಟರೂ ಇಲ್ಲ ಎಂದಿಲ್ಲ. ನಾವು ತೋರಿಸಿಯೂ ಇಲ್ಲ.

ಅವನು ನನ್ನ ಮೈದುನ. ನಮ್ಮ ಮನೆಯವರ ಒಬ್ಬನೇ ತಮ್ಮ. ಐವತ್ತರ ಹತ್ತಿರ ಬಂದರೂ ಮದುವೆಯಾಗಿಲ್ಲ. ಹೆಣ್ಣು ತೋರಿಸಲಿಲ್ಲವೇ ಎಂದರೆ ತೋರಿಸಿದೆವು, ಒಂದಲ್ಲ ಐದು. ತ್ಯಾಮಗೊಂಡ್ಲು ಕಡೆಯ ಒಂದು ಹುಡುಗಿಯನ್ನಂತೂ ಅವನು ಬಹಳ ಹೊತ್ತು ಎವೆಯಿಕ್ಕದೆ ನೋಡಿದ. ನಮಗೆಲ್ಲ ಸಂತೋಷ. ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮ ಮನೆಯವರು ಮೆಲ್ಲನೆ ಕೇಳಿದರು.

"ಏನ್ಲಾ, ಹೆಂಗಿದ್ಲು?"

"ಚೆನ್ನಾಗಿತ್ತು ಅಣ್ಣ. ಆದ್ರೆ ಸೀರೆ ಅಂಚಲ್ಲಿ ಎಂಟನೇ ಹಂಸಕ್ಕೆ ಕೊಕ್ಕು ತಪ್ಪಿದೆ."

ಅಲ್ಲಿಗೆ ಹೆಣ್ಣು ನೋಡುವ ಶಾಸ್ತ್ರ ನಿಲ್ಲಿಸಿದೆವು!

ಅವನ ತಪ್ಪೂ ಅಲ್ಲ ಬಿಡಿ. ನಮ್ಮ ದೊಡ್ಡಬಳ್ಳಾಪುರದಲ್ಲಿ ಓಣಿಗೆ ಹತ್ತು ಮಗ್ಗ. ಸೀರೆಯ ಅಂಚಿನಲ್ಲಿ ಹಂಸವೋ ಮಾವಿನಕಾಯಿಯೋ ಮೂಡಬೇಕಾದರೆ ಯಾರಾದರೂ ಮೊದಲು ಅದನ್ನು ಚೌಕಳಿ ಕಾಗದದ ಮೇಲೆ ಬರೆಯಬೇಕು. ಒಂದು ಚೌಕ ತುಂಬಿದರೆ ಒಂದು ಎಳೆ ಮೇಲೆ ಏಳುತ್ತದೆ, ಖಾಲಿ ಬಿಟ್ಟರೆ ಏಳುವುದಿಲ್ಲ. ಆ ಚೌಕಗಳನ್ನು ನೋಡಿಕೊಂಡು ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು, ಮಾಲೆಯಂತೆ ಪೋಣಿಸಿ, ಮಗ್ಗದ ನೆತ್ತಿಯ ಮೇಲೆ ಏರಿಸುತ್ತಿದ್ದರು. ಬರೆಯುವುದು, ತೂತು ಹೊಡೆಯುವುದು ಎರಡನ್ನೂ ಇವನು ಇಪ್ಪತ್ತೆಂಟು ವರ್ಷ ಮಾಡಿದ. ತಿನ್ನುವಾಗಲೂ ಅದೇ ಧ್ಯಾನ. ತಟ್ಟೆಯ ಅನ್ನವನ್ನು ಚೌಕವಾಗಿ ಕತ್ತರಿಸಿ, ಒಂದು ಚೌಕಕ್ಕೆ ಸಾರು, ಒಂದು ಚೌಕಕ್ಕೆ ಮಜ್ಜಿಗೆ ಹಾಕಿಕೊಂಡು ಉಣ್ಣುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಆಮೇಲೆ ಮಗ್ಗದ ನೆತ್ತಿಗೂ ಕಂಪ್ಯೂಟರು ಬಂತು. ಕಾರ್ಡುಗಳು ಮೂಲೆ ಸೇರಿದವು. ಇವನು ನೂಲು ಸುತ್ತುವ ಕೆಲಸಕ್ಕೆ ಹೋದ, ಬಿಟ್ಟ. ಅಂಗಡಿಯಲ್ಲಿ ಬಟ್ಟೆ ಅಳೆಯಲು ಹೋದ, ಗಿರಾಕಿಗಳಿಗೆ ಸೀರೆಯಲ್ಲಿರುವ ತಪ್ಪು ತೋರಿಸಿಕೊಟ್ಟ, ಅಂಗಡಿಯವರೇ ಬಿಡಿಸಿದರು! ಕೊನೆಗೆ ನಮ್ಮ ಮನೆಯವರು ಯಾರನ್ನೋ ಹಿಡಿದು ನೆಲಮಂಗಲದ ಹೊರಗೆ ಒಂದು ಗೋಡೌನಿನಲ್ಲಿ ಕಾವಲು ಕೆಲಸ ಗೊತ್ತು ಮಾಡಿದರು. ಅಲ್ಲೇ ಇರಬೇಕು, ಹದಿನೈದು ದಿನಕ್ಕೊಮ್ಮೆ ಮನೆಗೆ ಬರಬಹುದು. ಖಾಕಿ ಬಟ್ಟೆಯೂ ಮುಂಚಿತವಾಗಿ ಬಂತು. ಇವನು ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತ. ಅಂಗಿಯ ಜೇಬಿನ ಹೊಲಿಗೆ ಸೊಟ್ಟಗಿದೆ ಎಂದೂ ಹೇಳಲಿಲ್ಲ. ಅದು ಸೊಟ್ಟಗಿತ್ತು! ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಅಷ್ಟರಲ್ಲಿ ಮೇಘನಾ ಬಂದಳು. ಇವನು ಕೆಲಸ ಮಾಡುತ್ತಿದ್ದ ಮಗ್ಗದ ಯಜಮಾನರ ಮಗಳು. ಚಿಕ್ಕವಳಿದ್ದಾಗ ಇವನ ಹೆಗಲ ಮೇಲೆ ಕೂತು ಮಗ್ಗ ನೋಡುತ್ತಿದ್ದವಳು, ಈಗ ದೇವನಹಳ್ಳಿಯಲ್ಲಿ ಗೆಳತಿಯೊಬ್ಬಳ ಜೊತೆ ಕಂಪ್ಯೂಟರಿನಲ್ಲಿ ಆಡುವ ಆಟಗಳನ್ನು ಮಾಡುತ್ತಾಳೆ. ಅಪ್ಪನ ಶೆಡ್ಡಿನ ಗುಜರಿ ತೆಗೆಸುವಾಗ ಇವನ ಚೌಕಳಿ ಕಾಗದಗಳ ಕಟ್ಟು ಅವಳ ಕೈಗೆ ಸಿಕ್ಕಿದೆ. ಅದನ್ನು ಎದೆಗವಚಿಕೊಂಡೇ ನಮ್ಮ ಮನೆಗೆ ಬಂದಳು.

"ಅಂಕಲ್, ನಾವು ಮಾಡೋದೂ ಇದೇ! ಚೌಕ ಚೌಕ ತುಂಬ್ಸೋದು. ನಮ್ಮ ಆಟಕ್ಕೆ ಬರೆದುಕೊಡ್ತೀರಾ?"

"ಎಷ್ಟು ಎಳೆ ಮೇಡಂ?"

"ಮೇಡಂ ಅನ್ಬೇಡಿ ಅಂಕಲ್. ಹದಿನಾರಕ್ಕೆ ಹದಿನಾರು ಚೌಕ."

"ಅಷ್ಟೇನಾ! ಅಷ್ಟರಲ್ಲಿ ನಾನು ಒಂದು ಮೊಗ್ಗು ಬರೀತಿದ್ದೆ."

"ಅಷ್ಟರಲ್ಲೇ ಒಬ್ಳು ಹೆಂಗಸು ಬರ್ಬೇಕು. ನಡೀಬೇಕು ಕೂಡ."

ಆಟದ ಕಥೆ ಹೀಗೆ. ಕೆಂಪಿ ಎಂಬ ಹೆಂಗಸಿನ ಎಮ್ಮೆ ಕಳೆದುಹೋಗಿದೆ. ಅದು ಒಂದು ಪಾಳು ಕೋಟೆಯೊಳಗೆ ಹೊಕ್ಕಿದೆ. ಕೋಟೆಯೆಲ್ಲ ಕತ್ತಲೆ. ಇವಳು ಲಾಟೀನು ಹಿಡಿದು ಹುಡುಕಬೇಕು. ಅಷ್ಟೇ! "ಯುದ್ಧಗಿದ್ಧ ಇಲ್ವಾ?" ಎಂದರು ನಮ್ಮ ಮನೆಯವರು ನಿರಾಸೆಯಿಂದ. ಅದಕ್ಕೆ ನಮ್ಮ ಅತ್ತೆ, "ಎಮ್ಮೆ ಕಳ್ಕೊಂಡು ಮನೆಗೆ ಹೋದ್ರೆ ಗಂಡನ ಜೊತೆ ಹೆಂಗೂ ಆಗ್ತದಲ್ಲ ಯುದ್ಧ, ದಾರಿಲಿ ಬೇರೆ ಯಾಕೆ?" ಎಂದು ಬಾಯಿ ಮುಚ್ಚಿಸಿದರು.

ಆಟದೊಳಗೆ ಓಡಾಡುವ ಗೊಂಬೆಗೆ ಸ್ಪ್ರೈಟ್ ಎನ್ನುತ್ತಾರಂತೆ. ನೆಲ, ಗೋಡೆ, ಮೆಟ್ಟಿಲು ಎಲ್ಲ ಚೌಕದ ಬಿಲ್ಲೆಗಳು. ನಮ್ಮ ಹಜಾರದ ಟೈಲ್ಸ್ ಇದ್ದ ಹಾಗೆ ಒಂದರ ಪಕ್ಕ ಒಂದು ಜೋಡಿಸುವುದು. ಮೇಘನಾ ಒಂದು ಹಳೆಯ ಕಂಪ್ಯೂಟರು ತಂದುಕೊಟ್ಟು, ಎರಡು ದಿನ ಕೂತು ಹೇಳಿಕೊಟ್ಟು, ಕರಾರು ಹಾಕಿದಳು. ಮೊದಲನೇ ಕೋಟೆಯನ್ನು ಪೂರ್ತಿ ಮಾಡಿ ತೋರಿಸಬೇಕು. ಅವಳಿಗೂ ಗೆಳತಿಗೂ ಒಪ್ಪಿಗೆಯಾದರೆ ಇಡೀ ಆಟ ಇವನದು. ಇಲ್ಲದಿದ್ದರೆ ಬೆಂಗಳೂರಿನ ಇನ್ನೊಬ್ಬರು ಸಿದ್ಧವಾಗಿದ್ದಾರೆ. ತೋರಿಸುವ ದಿನ ಮೂರನೇ ವಾರದ ಭಾನುವಾರ. ಗೋಡೌನಿಗೆ ಹಾಜರಾಗಬೇಕಾದ್ದು ಮರುದಿನ ಸೋಮವಾರ. ಖಾಕಿ ಗೂಟದ ಮೇಲೆ ತೂಗುತ್ತಿತ್ತು. ಹೋಗುತ್ತ ಬರುತ್ತ ಎಲ್ಲರ ಕಣ್ಣೂ ಅದರ ಮೇಲೆಯೇ.

ಮೊದಲ ಕೆಂಪಿಯನ್ನು ಬರೆದು ಕಳಿಸಿದ ಸಂಜೆಯೇ ಫೋನು ಬಂತು. ಅವನು ಫೋನನ್ನು ಸ್ಪೀಕರಿಗೆ ಹಾಕಿಯೇ ಮಾತಾಡುವುದು. ಗುಟ್ಟು ಎಂಬುದು ಅವನ ಜಾತಕದಲ್ಲೇ ಇಲ್ಲ.

"ಅಂಕಲ್, ಕೆಂಪಿ ಎಡಚಿನಾ?"

"ಯಾಕಮ್ಮ ಮೇಡಂ?"

"ಎಡಗೈಲಿ ಮುದ್ದೆ ಮುರೀತಿದ್ದಾಳೆ. ಸೆರಗು ಬಲಗಡೆ ಹೋಗಿದೆ. ಅದು ಹೋಗ್ಲಿ, ನೆರಳು ನಾವಿಟ್ಟಿರೋ ದೀಪದ ಕಡೆಗೇ ಬೀಳ್ತಿದೆಯಲ್ಲ ಅಂಕಲ್!"

ಇವನು ಹಣೆ ಹಣೆ ಬಡಿದುಕೊಂಡ. ಆಗಿದ್ದು ಇಷ್ಟು: ಮಗ್ಗದಲ್ಲಿ ಸೀರೆಯನ್ನು ಮುಖ ಕೆಳಗೆ ಮಾಡಿ ನೇಯುತ್ತಾರೆ, ಬೆನ್ನು ಮೇಲಿರುತ್ತದೆ. ಅದಕ್ಕೆ ತಕ್ಕಂತೆ ಬರೆಯುವವನು ಬಲಕ್ಕಿರಬೇಕಾದ್ದನ್ನು ಎಡಕ್ಕೆ ಬರೆಯಬೇಕು. ಇಪ್ಪತ್ತೆಂಟು ವರ್ಷ ಎಲ್ಲವನ್ನೂ ತಿರುವಿ ಬರೆದ ಕೈ! ದೇವರೇ ಬಂದು ನಿಂತಿದ್ದರೂ ಎಡಗೈಯಲ್ಲಿ ಆಶೀರ್ವಾದ ಮಾಡಿಸಿಬಿಡುತ್ತಿದ್ದ.

ಪರಿಹಾರ ಅವನೇ ಹುಡುಕಿದ. ಕಂಪ್ಯೂಟರಿನ ಎದುರು ಕನ್ನಡಿ ಇಟ್ಟು, ಕನ್ನಡಿಯಲ್ಲಿ ನೋಡಿಕೊಂಡು ಬರೆಯುವುದು. ಮನೆಯಲ್ಲಿದ್ದದ್ದು ಒಂದೇ ಕನ್ನಡಿ. ನಾಲ್ಕು ದಿನ ನಾನು ಅಂದಾಜಿನ ಮೇಲೆ ಕುಂಕುಮ ಇಟ್ಟುಕೊಂಡೆ. ನಮ್ಮ ಮನೆಯವರು ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯುವವರು, ಕೈಯಾಡಿಸಿ ಗಡ್ಡ ಕೆರೆದುಕೊಂಡು ಹೋಗಿ, ಡೈರಿಯವರೆಲ್ಲ "ಏನ್ ಸ್ವಾಮಿ, ಅರ್ಧ ಹರಕೆನಾ?" ಎಂದು ಕೇಳಿದ ಮೇಲೆ ಸಿಟ್ಟಿನಿಂದ ಮನೆಗೆ ಬಂದರು. ಐದನೇ ದಿನ ಮೇಘನಾ ಬಂದಳು, ಕನ್ನಡಿ ನೋಡಿದಳು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ಅಂಕಲ್, ಚಿತ್ರ ತಿರುಗ್ಸೋಕೆ ಇಲ್ಲೊಂದು ಬಟನ್ ಇದೆ."

ಒತ್ತಿದಳು. ಕೆಂಪಿ ತಟಕ್ಕನೆ ಬಲಗೈಯವಳಾದಳು. ನಮ್ಮ ಮನೆಯವರು ಕನ್ನಡಿ ಎತ್ತಿಕೊಂಡು ಬಚ್ಚಲಿಗೆ ಹೋದರು.

ಇನ್ನು ಕೆಂಪಿಯ ಮುಖ. ಹದಿನಾರು ಚೌಕದಲ್ಲಿ ಮುಖಕ್ಕೆ ಸಿಗುವುದು ಐದೋ ಆರೋ. ಎರಡು ಕಣ್ಣಿಗೆ ಹೋಯಿತು, ಒಂದು ಹಣೆಗೆ, ಮಿಕ್ಕದ್ದು ಬಾಯಿಗೆ, ಕೆನ್ನೆಗೆ. ಮೂಗಿಗೆ ಜಾಗವಿಲ್ಲ! ಅತ್ತೆ ಕಣ್ಣಿಗೆ ಕೈ ಮರೆಮಾಡಿ, ಮುಂದೆ ಬಾಗಿ ನೋಡಿದರು.

"ಇದೇನ್ಲಾ, ಮೂಗೇ ಇಲ್ಲ. ಮೂಗಿಲ್ದೋಳು ಮೂಗುತಿ ಎಲ್ಲಿ ಹಾಕ್ಕೋತಾಳೆ?"

"ಜಾಗ ಇಲ್ಲ ಕಣಮ್ಮೋ."

"ಎಮ್ಮೆ ಸಾಕೋ ಹೆಂಗ್ಸು, ಬೋಳು ಮುಖದಲ್ಲಿ ಊರು ತಿರುಗ್ತಾಳಾ? ಮರ್ಯಾದಸ್ತರ ಮನೆಯೋಳು ಅನ್ಬೇಕಾ ಬೇಡ್ವಾ?"

ಅವನು ಯೋಚನೆ ಮಾಡಿ ಒಂದೇ ಒಂದು ಹಳದಿ ಚುಕ್ಕಿ ಇಟ್ಟ. ಏನು ಹೇಳಲಿ! ಆ ಚುಕ್ಕಿ ಬಿದ್ದ ತಕ್ಷಣ ಮೂಗು ಬಂದುಬಿಟ್ಟಿತು. ಬರೆಯದ ಮೂಗು! ನಾವೆಲ್ಲ ಕಂಡೆವು, ನೆಟ್ಟನೆಯ ಮೂಗು, ಸ್ವಲ್ಪ ಸಿಟ್ಟಿನದು. ಅತ್ತೆಯ ಮೂಗಿನ ಹಾಗೆಯೇ ಇತ್ತು ಎಂದು ನಾನು ಹೇಳಲಿಲ್ಲ. ನನಗೂ ಈ ಮನೆಯಲ್ಲಿ ಬಾಳಬೇಕಲ್ಲ!

ನಡಿಗೆಗೆ ನಾನು ಮಾದರಿ. ನಾಲ್ಕು ದಿಕ್ಕು, ಮೂರು ಮೂರು ಹೆಜ್ಜೆ. "ಅತ್ತಿಗೆ, ಕಾಲ್ ಇಳಿಸ್ಬೇಡಿ", "ಅತ್ತಿಗೆ, ಲಾಟೀನು ಸೊಂಟದ ಮಟ್ಟಕ್ಕೆ", "ಅತ್ತಿಗೆ, ಉಸಿರು ಬಿಡ್ಬೋದು, ಹೊಟ್ಟೆ ಮಾತ್ರ ಅಲ್ಲಾಡ್ಬಾರ್ದು." ನನ್ನ ಹೊಟ್ಟೆ ಅಲ್ಲಾಡದೆ ನಿಲ್ಲಬೇಕಾದರೆ ಈಗ ಬೇರೆ ಊರು ಸೇರಿರುವ ಎರಡು ಮಕ್ಕಳು, ಇಪ್ಪತ್ತಾರು ವರ್ಷದ ಮುದ್ದೆ ಎಲ್ಲವನ್ನೂ ವಾಪಸು ತೆಗೆದುಕೊಳ್ಳಬೇಕಾಗುತ್ತದೆ ಎಂದೆ. "ಸರಿ, ಕೆಂಪಿಗೂ ಸ್ವಲ್ಪ ಹೊಟ್ಟೆ ಇಡ್ತೀನಿ" ಎಂದ. ಇಟ್ಟೂ ಬಿಟ್ಟ! ಮೇಘನಾಗೆ ಬಹಳ ಹಿಡಿಸಿತಂತೆ. ಹೊಟ್ಟೆಯಿರುವ ನಾಯಕಿ ಯಾವ ಆಟದಲ್ಲೂ ಇಲ್ಲವಂತೆ. ನನ್ನ ಹೊಟ್ಟೆಯಿಂದ ಹೀಗೊಂದು ಉಪಕಾರವಾಯಿತು.

ಎಮ್ಮೆಯದು ಇನ್ನೂ ದೊಡ್ಡ ಫಜೀತಿ. ಕತ್ತಲೆ ಕೋಟೆ, ಕರಿ ಎಮ್ಮೆ. ಕಾಣುವುದು ಹೇಗೆ? ಬೆಳ್ಳಗೆ ಬರೆದರೆ ಹಸುವಾಯಿತು. ಬೂದು ಬಳಿದರೆ ಕತ್ತೆಯಾಯಿತು. ಮೂರು ದಿನ ಒದ್ದಾಡಿ, ಕೊನೆಗೆ ಪಕ್ಕದ ಮನೆ ಗೌರಮ್ಮನ ಕೊಟ್ಟಿಗೆಗೆ ಹೋದ. ಮಟಮಟ ಮಧ್ಯಾಹ್ನ, ಕಿಟಕಿಗೆ ಗೋಣಿ ಕಟ್ಟಿ, ಬಾಗಿಲು ಹಾಕಿ, ಒಳಗೆ ಕತ್ತಲೆ ಮಾಡಿಕೊಂಡು, ಲಾಟೀನು ಹಿಡಿಯಲು ನನ್ನನ್ನೂ ಎಳೆದುಕೊಂಡು ಹೋದ. ಗೌರಮ್ಮ ಹೊರಗೆ ನಿಂತು ಕೂಗುತ್ತಿದ್ದಳು.

"ಏನಪ್ಪಾ, ನನ್ನ ಎಮ್ಮೆಗೆ ಏನ್ ಮಾಡ್ತಿದೀಯಾ? ಸಂಜೆ ಹಾಲು ಕಮ್ಮಿ ಆದ್ರೆ ನಿನ್ನನ್ನೇ ಕರಿಯೋದು!"

ಅವನಿಗೆ ಕಿವಿಯೇ ಇಲ್ಲ. "ಅತ್ತಿಗೆ, ಸ್ವಲ್ಪ ಎಡಕ್ಕೆ. ಇನ್ನೂ. ಹಾಂ! ನೋಡಿ ನೋಡಿ! ಕೊಂಬಿನ ತುದಿ, ಬೆನ್ನಿನ ಗೆರೆ, ಒದ್ದೆ ಮೂಗು. ಮೂರೇ ಕಡೆ ಬೆಳಕು ಕೂತಿದೆ. ಎಮ್ಮೆ ಬರೀಲೇಬಾರ್ದು ಅತ್ತಿಗೆ, ಎಮ್ಮೆ ಮೇಲೆ ಕೂತಿರೋ ಬೆಳಕು ಬರೆದ್ರೆ ಸಾಕು!" ಎಂದು ಚೌಕಳಿ ಕಾಗದ ತೊಡೆಯ ಮೇಲಿಟ್ಟು ಗೀಚಿದ. ಗೀಚಿ ಮುಗಿಸಿ, ತಲೆಯೆತ್ತಿ, ಸರಿಯಾಗಿದೆಯೇ ಎಂದು ಕಾಗದವನ್ನು ಎಮ್ಮೆಯ ಪಕ್ಕ ಹಿಡಿದ. ಎಮ್ಮೆ ಒಮ್ಮೆ ಮೂಸಿತು. ನಾಲಗೆ ಚಾಚಿತು. ತನ್ನ ಚಿತ್ರವನ್ನು ತಾನೇ ಸಾವಕಾಶವಾಗಿ ಅಗಿದು ನುಂಗಿತು!

ಇವನು ಬೇಸರ ಮಾಡಿಕೊಳ್ಳಲಿಲ್ಲ. "ಒಪ್ಪಿಗೆ ಆಯ್ತು" ಎಂದ. ಅವತ್ತು ಸಂಜೆ ಅರ್ಧ ಲೀಟರು ಹಾಲು ಹೆಚ್ಚೇ ಬಂದಿತೆಂದು ಗೌರಮ್ಮ ಇವತ್ತಿಗೂ ಹೇಳುತ್ತಾಳೆ.

ಈಗ ನಂಬರಿನ ವಿಷಯ. ಆಟದಲ್ಲಿ ಬೆಳಕು ತಾನಾಗಿ ಬೀಳುವುದಿಲ್ಲವಂತೆ. ಒಂದೊಂದು ಬಿಲ್ಲೆಗೂ ನಾವೇ ಹೇಳಿಕೊಡಬೇಕು: ನೀನು ದೀಪದ ಪಕ್ಕ, ನಿನಗೆ ಒಂಬತ್ತು, ನೀನು ಆಚೆ, ನಿನಗೆ ಎಂಟು, ನಿನಗೆ ಗೋಡೆ ಅಡ್ಡ, ನಿನಗೆ ಸೊನ್ನೆ. ಮೇಘನಾ ಲೆಕ್ಕ ಹೇಳಿಕೊಟ್ಟು ಹೋದಳು. ಇವನಿಗೆ ಲೆಕ್ಕದಲ್ಲಿ ನಂಬಿಕೆಯಿಲ್ಲ, ಕಣ್ಣಿನಲ್ಲಿ ನಂಬಿಕೆ. ಒಂದು ಬೆಳಿಗ್ಗೆ ನಾನು ಎದ್ದು ನೋಡಿದರೆ ಹಜಾರದ ಟೈಲ್ಸುಗಳ ಮೇಲೆಲ್ಲ ಸೀಮೆಸುಣ್ಣದಲ್ಲಿ ನಂಬರು! ಕಿಟಕಿಯ ಕೆಳಗೆ ಒಂಬತ್ತು, ನಟ್ಟನಡುವೆ ಆರು, ಅತ್ತೆಯ ಮಂಚದ ಬಳಿ ನಾಲ್ಕು. ಯಾರೋ ಕುಂಟೆಬಿಲ್ಲೆ ಆಡಲು ಬರೆದಿದ್ದಾರೆಂದುಕೊಂಡು ನಾನು ಒದ್ದೆ ಬಟ್ಟೆ ಹಾಕಿ ಒರೆಸಿಬಿಟ್ಟೆ. ಹಲ್ಲುಜ್ಜುತ್ತ ಬಂದವನು ಕಂಬದ ಹಾಗೆ ನಿಂತ.

"ಅತ್ತಿಗೆ! ಮನೆ ಬೆಳಕೆಲ್ಲ ಒರೆಸ್ಬಿಟ್ರಲ್ಲ!"

"ನೆಲ ಒರೆಸಿದೆ ಕಣಪ್ಪಾ. ಬೆಳಕು ಅಲ್ಲೇ ಇದೆ, ನೋಡ್ಕೋ."

ಮತ್ತೆ ಮೊದಲಿಂದ ಶುರು. ಒಂಬತ್ತು ಎಂದರೆ ಎಷ್ಟು, ಎಂಟು ಎಂದರೆ ಎಷ್ಟು ಎಂದು ಅಳೆಯಬೇಕಲ್ಲ? ಅದಕ್ಕೂ ಉಪಾಯ ಮಾಡಿದ. ನಾನು ಮೊರದಲ್ಲಿ ಸೊಸೈಟಿ ಅಕ್ಕಿ ಹಾಕಿಕೊಂಡು ಒಂದೊಂದು ಟೈಲಿನ ಮೇಲೂ ಕೂರಬೇಕು. ಅಕ್ಕಿಗೆ ಅವನು ಹತ್ತು ಕಲ್ಲು ಬೆರೆಸಿಡುತ್ತಾನೆ. ಗಡಿಯಾರ ನೋಡಿಕೊಂಡು ಒಂದು ನಿಮಿಷದಲ್ಲಿ ಎಷ್ಟು ಕಲ್ಲು ಆರಿಸುತ್ತೇನೋ ಅಷ್ಟು ಆ ಟೈಲಿನ ನಂಬರು! ಆರಿಸಿದ ಕಲ್ಲನ್ನು ಮತ್ತೆ ಅಕ್ಕಿಗೇ ಹಾಕುವುದು ನೋಡಿ ಅತ್ತೆಗೆ ತಲೆ ಕೆಟ್ಟಿತು. "ಅಕ್ಕಿಗೆ ಕಲ್ಲು ಹಾಕ್ತಾ ಕೂತವ್ರಲ್ಲ ಇಬ್ರೂ! ಯಾರಾದ್ರೂ ನೋಡಿದ್ರೆ ಏನಂದಾರು?" ಎಂದು ಎದ್ದು ಹೋಗಿ ಬೀದಿ ಬಾಗಿಲು ಹಾಕಿಬಂದರು.

ಹಜಾರ ಮುಗಿಯಿತು. ಅಡುಗೆಮನೆಗೂ ಬಂದ. ನಮ್ಮ ಮನೆಯ ಮುಂಭಾಗಕ್ಕೆ ತಾರಸಿ, ಹಿಂದಿನ ಅಡುಗೆಮನೆ ಮಾತ್ರ ಹಳೆಯದು. ಮೇಲೆ ಹಂಚು, ಕೆಳಗೆ ಕಡಪ ಕಲ್ಲು. ಕಿಟಕಿಯ ಆಚೆ ಗೌರಮ್ಮನ ಗೋಡೆ. ಒಲೆಯ ಮುಂದೆ ನಾನು ದಿನವೂ ಕೂರುವ ಕಲ್ಲಿನ ಮೇಲೆ ಮೊರ ಇಟ್ಟುಕೊಂಡು ಕೂತೆ. ನಿಮಿಷ ಮುಗಿಯಿತು. ಎರಡು ಕಲ್ಲು.

"ಇನ್ನೊಂದ್ಸಲ ಅತ್ತಿಗೆ."

ಮತ್ತೆ ಎರಡೇ. ಅವನು ಬಲ್ಬು ನೋಡಿದ, ನನ್ನನ್ನು ನೋಡಿದ, ಮೊರ ನೋಡಿದ.

"ಬಲ್ಬು ನಿಮ್ಮ ಬೆನ್ನ ಹಿಂದಿದೆ. ನಿಮ್ಮ ನೆರಳು ನಿಮ್ಮ ಕೆಲಸದ ಮೇಲೇ ಬೀಳ್ತಿದೆ."

"ನನ್ನ ನೆರಳು ತಾನೆ? ಗೌರಮ್ಮಂದಲ್ವಲ್ಲ, ಬೀಳ್ಲಿ ಬಿಡು."

"ಅಮ್ಮಾ!" ಎಂದು ಕೂಗಿದ. "ಅನ್ನದಲ್ಲಿ ಕಲ್ಲು, ಅನ್ನದಲ್ಲಿ ಕಲ್ಲು ಅಂತ ಇಪ್ಪತ್ತಾರು ವರ್ಷದಿಂದ ಅತ್ತಿಗೆನ ಬೈತಿದ್ಯಲ್ಲ, ಇಲ್ನೋಡು. ತಪ್ಪು ಅತ್ತಿಗೇದಲ್ಲ. ಈ ಎರಡು ನಂಬರು ಬೆಳಕಿಂದು!"

ಅತ್ತೆ ಬಾಗಿಲಲ್ಲಿ ನಿಂತು ಅಡುಗೆಮನೆಯನ್ನು ಮೇಲಿಂದ ಕೆಳಗೆ ನೋಡಿದರು. "ನಾನೂ ಮೂವತ್ತು ವರ್ಷ ಅಲ್ಲೇ ಆರ್ಸಿದ್ದು. ನಮ್ಮತ್ತೆ ನನ್ನ ಬೈತಿದ್ರು" ಎಂದು ಹೇಳಿ ಹೊರಟುಹೋದರು. ಇದಕ್ಕೆ ನಗಬೇಕೋ ಬೇಡವೋ ಎಂದು ಗೊತ್ತಾಗದೆ ನಾನು ಅಕ್ಕಿಯಲ್ಲಿ ಉಳಿದಿದ್ದ ಎಂಟು ಕಲ್ಲು ಹುಡುಕುತ್ತ ಕೂತೆ. ಅವನು ಕಡಪ ಕಲ್ಲಿನ ಮೇಲೆ 2 ಎಂದು ಬರೆದು ಎದ್ದ.

ಗುರುವಾರ ಮೇಘನಾ ಕೆಂಪಿಯನ್ನು ಕೋಟೆಯೊಳಗೆ ನಡೆಸಿ ನೋಡಿದಳು. ನೋಡಿ ಮುಖ ಚಿಕ್ಕದು ಮಾಡಿದಳು.

"ಅಂಕಲ್, ಎಲ್ಲಾ ಸರಿ ಇದೆ. ಆದ್ರೆ ಬೆಳಕು ಮೆಟ್ಲು ಮೆಟ್ಲಾಗಿ ಇಳೀತಿದೆ. ಒಂಬತ್ತು ಮುಗೀತು, ಗೆರೆ ಹೊಡ್ದಂಗೆ ಎಂಟು. ಎಂಟು ಮುಗೀತು, ಏಳು. ಕತ್ತಲೆಗೆ ಕಾರ್ಪೆಟ್ ಹಾಸ್ದಂಗಿದೆ. ನನ್ ಫ್ರೆಂಡ್ ಬೇಡವೇ ಬೇಡ ಅಂತಿದ್ದಾಳೆ. ಭಾನುವಾರದೊಳಗೆ ಆಗುತ್ತಾ?"

ಅವಳು ಹೋದ ಮೇಲೆ ಅವನು ಗೂಟದ ಖಾಕಿ ಇಳಿಸಿ, "ಗುಂಡಿ ಒಂದು ಕಿತ್ತೋಗಿದೆ, ನೋಡಿ ಅತ್ತಿಗೆ" ಎಂದು ನನ್ನ ಕೈಗೆ ಕೊಟ್ಟ. ನಮ್ಮ ಮನೆಯವರು ಸಮಾಧಾನ ಮಾಡಲು ಹೋಗಿ, "ಗೋಡೌನ್‌ನಲ್ಲಿ ದೊಡ್ಡ ದೊಡ್ಡ ಲೈಟು ಇರ್ತವೆ ಕಣೋ" ಎಂದರು. ಯಾವ ಮಾತು ಎಲ್ಲಿ ಆಡಬೇಕೆಂದು ಆ ಮನುಷ್ಯನಿಗೆ ಇಂದಿಗೂ ತಿಳಿಯದು!

ಶುಕ್ರವಾರ ಒಗೆದ ಬಟ್ಟೆ ಮಡಿಸುತ್ತಿದ್ದೆ. ಅತ್ತೆಯ ಹಳೆಯ ಸೀರೆ ಕೈಗೆ ಬಂತು; ಅವನೇ ಬರೆದ ಅಂಚು, ನೇರಳೆಯಿಂದ ಕೆಂಪು ಬಣ್ಣಕ್ಕೆ ಇಳಿಯುವುದು. ಎಲ್ಲಿ ನೇರಳೆ ಮುಗಿಯಿತು, ಎಲ್ಲಿ ಕೆಂಪು ಹತ್ತಿತು ಎಂದು ಯಾರಿಗೂ ತೋರಿಸಲಾಗದು. "ಇದೇನಪ್ಪಾ, ಇಲ್ಲಿ ಮಾತ್ರ ಗೆರೆ ಕಾಣಲ್ಲ?" ಎಂದು ಸುಮ್ಮನೆ ಕೇಳಿದೆ.

"ಅಲ್ಲಿ ಒಂದು ಎಳೆ ಬಿಟ್ಟು ಒಂದು ಎಳೆ ಬೆರೆಸಿರ್ತೀನಿ ಅತ್ತಿಗೆ. ಮೊದ್ಲು ನಾಲ್ಕಕ್ಕೆ ಒಂದು, ಆಮೇಲೆ ಎರಡಕ್ಕೆ ಒಂದು..."

ಮಾತು ಅಲ್ಲಿಗೇ ನಿಂತಿತು. ಸೀರೆ ಕಿತ್ತುಕೊಂಡು ಓಡಿದ. ಸೀರೆಯ ಇನ್ನೊಂದು ತುದಿ ನನ್ನ ಕೈಯಲ್ಲೇ ಇತ್ತು. ನಾನೂ ಕಂಪ್ಯೂಟರಿನವರೆಗೆ ಹಿಂದೆಯೇ ಹೋದೆ! ಒಂಬತ್ತರ ಅಂಚಿನಲ್ಲಿ ಎಂಟರ ಚುಕ್ಕಿ, ಎಂಟರ ಅಂಚಿನಲ್ಲಿ ಏಳರ ಚುಕ್ಕಿ. ಶನಿವಾರ ಸಂಜೆಯವರೆಗೆ ಎದ್ದೇಳದೆ ಚುಕ್ಕಿ ಇಟ್ಟ. ಮುದ್ದೆಯನ್ನು ನಾನು ಅಲ್ಲಿಗೇ ಕೊಟ್ಟೆ. ಅದನ್ನೂ ಚೌಕ ಮಾಡಿಯೇ ತಿಂದ.

ಹೀಗೆ ಬಂತು ಈ ಭಾನುವಾರ. ಕೊನೆಯ ಬಾರಿ ನನ್ನ ಹನ್ನೆರಡು ಹೆಜ್ಜೆ ನೋಡಿ, ಉಪ್ಪಿಟ್ಟು ತಿಂದು, ಅವನು ಕಾಣೆಯಾದ. ಮೇಘನಾ ಹತ್ತೂವರೆಗೆ ಬರುವವಳು. ಹತ್ತಾಯಿತು, ಇವನಿಲ್ಲ. ನಮ್ಮ ಮನೆಯವರು ಬಸ್‌ಸ್ಟ್ಯಾಂಡಿನವರೆಗೆ ಹೋಗಿಬಂದರು. "ಹೆದ್ರಿಕೊಂಡು ಓಡೋಗಿದಾನೆ ಕಣೇ" ಎಂದರು. ಅತ್ತೆ ಗೂಟ ನೋಡಿದರು. ಖಾಕಿ ಅಲ್ಲೇ ಇತ್ತು. "ಅದನ್ನ ಬಿಟ್ಟು ಎಲ್ಲಿಗೆ ಓಡ್ತಾನೆ?" ಎಂದರು, ದನಿ ಮಾತ್ರ ಗಟ್ಟಿಯಿರಲಿಲ್ಲ.

ಬರುವವಳಿಗೆ ಕಾಫಿಯಾದರೂ ಇಡೋಣವೆಂದು ನಾನು ಅಡುಗೆಮನೆಗೆ ಹೋದೆ. ಮೇಲೆ ಸರಕ್ಕೆಂದಿತು. ಹಂಚಿನ ಮಸಿ, ಜೇಡರ ಬಲೆ, ಒಂದು ಸತ್ತ ಹಲ್ಲಿ ಎಲ್ಲ ಒಟ್ಟಿಗೆ ಕಾಫಿ ಪಾತ್ರೆಗೆ ಬಿದ್ದವು. ಬೆಚ್ಚಿಬಿದ್ದು ಹಿಂದೆ ಸರಿದೆ. ಆಗ ಬಿತ್ತು ಬೆಳಕು. ಒಲೆಯ ಮುಂದಿನ ಆ ಕಡಪ ಕಲ್ಲಿನ ಮೇಲೆ, ಒಂದು ಚೌಕ, ಅಂಚು ಕತ್ತರಿಸಿಟ್ಟ ಹಾಗೆ. ತಲೆಯೆತ್ತಿದರೆ ತೂತಿನಲ್ಲಿ ಅವನ ಮುಖ, ಕರ್ರಗೆ, ಹಲ್ಲು ಮಾತ್ರ ಬೆಳ್ಳಗೆ.

"ಅತ್ತಿಗೆ, ಗಾಜಿನ ಹಂಚು ತಂದಿದೀನಿ. ಕೂರಿಸ್ತೀನಿ. ಸರಿಯಾಗಿ ಕಲ್ಲಿನ ಮೇಲೇ ಬೀಳ್ತಿದೆಯಾ? ಸ್ವಲ್ಪ ಎಡಕ್ಕಾ?"

"ಇಳಿಯೋ ಮಾರಾಯ! ಹುಡುಗಿ ಬಂದಾಯ್ತು!"

ನಿಜವಾಗಿ ಬಂದಾಗಿತ್ತು. ಅಡುಗೆಮನೆ ಬಾಗಿಲಲ್ಲಿ ಮೇಘನಾ ನಿಂತಿದ್ದಳು, ಮೇಲೆ ನೋಡುತ್ತ. ಅವನು ಹಂಚು ಕೂರಿಸಿಯೇ ಇಳಿದ. ಕೈ ತೊಳೆಯುವುದಕ್ಕೂ ಬಿಡದೆ ಅತ್ತೆ ಅವನನ್ನು ಕಂಪ್ಯೂಟರಿನ ಮುಂದೆ ದೂಡಿದರು.

ಕೆಂಪಿ ಕೋಟೆಯ ಬಾಗಿಲು ದಾಟಿದಳು. ನನ್ನ ಹೆಜ್ಜೆ, ನನ್ನ ಹೊಟ್ಟೆ, ಅತ್ತೆಯ ಮೂಗು! ಲಾಟೀನಿನ ಸುತ್ತ ಬೆಳಕು ಅರಿಶಿನದ ನೀರು ಹರಡಿದ ಹಾಗೆ ಹರಡಿ, ಎಲ್ಲಿ ಮುಗಿಯಿತೆಂದು ಗೊತ್ತಾಗದ ಹಾಗೆ ಕತ್ತಲೆಯಲ್ಲಿ ಕರಗಿತು. ಗೆರೆಯಿಲ್ಲ. ಮೆಟ್ಟಿಲಿಲ್ಲ. ಮೇಘನಾ ಅವಳನ್ನು ನಡೆಸುತ್ತ ಹೋದಳು. ನಮ್ಮ ಮನೆಯವರು ಉಗುರು ಕಚ್ಚುತ್ತಿದ್ದರು. ಅತ್ತೆಗೆ ತಡೆಯಲಾಗಲಿಲ್ಲ. "ಆ ಕಡೆ ಹೋಗೇ, ಬಲಕ್ಕೆ, ಬಲಕ್ಕೆ! ಎಮ್ಮೆ ನೀರಿರೋ ಕಡೆ ತಾನೆ ಇರ್ತದೆ!" ಎಂದು ದಾರಿ ತೋರಿಸತೊಡಗಿದರು. ಕೆಂಪಿ ಬಲಕ್ಕೆ ತಿರುಗಿದಳು. ಮೊದಲು ಏನೂ ಇಲ್ಲ. ಆಮೇಲೆ ಕತ್ತಲೆಯಲ್ಲಿ ಒಂದು ಕೊಂಬಿನ ತುದಿ. ಬೆನ್ನಿನ ಒಂದು ಗೆರೆ. ಒದ್ದೆ ಮೂಗು.

"ಅಯ್ಯೋ, ಸಿಕ್ತು!" ಎಂದು ಅತ್ತೆ ಕೈ ಮುಗಿದೇಬಿಟ್ಟರು.

ಮೇಘನಾ ಕೈ ತೆಗೆದಳು. ಗೆಳತಿಗೆ ಫೋನು ಮಾಡಿ, ಹೊರಗೆ ಜಗಲಿಯಲ್ಲಿ ನಿಂತು ಮಾತಾಡಿ, ಒಳಗೆ ಬಂದಳು. ಅಷ್ಟು ಹೊತ್ತೂ ಅವನು ನೆಲ ನೋಡುತ್ತ ಕೂತಿದ್ದ.

"ಅಂಕಲ್, ಇನ್ನೂ ಆರು ಕೋಟೆ ಇದೆ. ಎಲ್ಲಾ ನೀವೇ."

"ಎಲ್ಲಾ ಕಡೆ ಎಮ್ಮೆನೇ ಕಳೆದೋಗುತ್ತಾ ಮೇಡಂ?"

"ಇಲ್ಲ, ಒಂದ್ರಲ್ಲಿ ಗಂಡ."

"ಅವನು ಸಿಗೋದು ಕಷ್ಟ" ಎಂದರು ಅತ್ತೆ. ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮ ಮನೆಯವರು. ಅವರಿಗೆ ಕಣ್ಣಲ್ಲಿ ನೀರೇ ಬಂದಿತ್ತು. ನಗುವಿನದ್ದು ಎಂದುಕೊಳ್ಳಲಿ ಎಂದೇ ಅಷ್ಟು ಜೋರಾಗಿ ನಕ್ಕಿರಬೇಕು.

ಅವಳು ಹೋದ ಮೇಲೆ ನಾನು ಅಡುಗೆಮನೆ ಗುಡಿಸುತ್ತಿದ್ದೆ. ಅವನು ಬಂದು ಗಾಜಿನ ಹಂಚನ್ನು ಕೆಳಗಿನಿಂದ ಪರೀಕ್ಷೆ ಮಾಡುತ್ತ ನಿಂತ. ಕೋಪ ಇನ್ನೂ ಇಳಿದಿರಲಿಲ್ಲ ನನಗೆ.

"ಅಲ್ಲಪ್ಪಾ, ಇಷ್ಟು ದಿನ ಬಿಟ್ಟು ಇವತ್ತೇ ಹತ್ತಬೇಕಿತ್ತಾ? ಜೀವವೇ ಬಾಯಿಗೆ ಬಂದಿತ್ತು ನಮಗೆ."

ಅವನು ಬೆರಳಿನಿಂದ ಮಸಿ ಉಜ್ಜಿಕೊಳ್ಳುತ್ತಿದ್ದ.

"ಅವಳು ಒಪ್ಪಲ್ಲ ಅಂದ್ಕೊಂಡಿದ್ದೆ ಅತ್ತಿಗೆ. ನಾಳೆ ಗೋಡೌನ್‌ಗೆ ಹೋಗ್ಬಿಟ್ರೆ ಹದಿನೈದು ದಿನಕ್ಕೊಂದ್ಸಲ ಬರೋದು. ಅಣ್ಣನಿಗೆ ಹಂಚು ಹತ್ತೋಕೆ ಬರಲ್ಲ. ನೀವು ಇಲ್ಲಿ ಎರಡರಲ್ಲೇ ಕೂತಿರ್ತಿದ್ರಿ. ಅದಕ್ಕೇ, ಹೋಗೋ ಮುಂಚೆ..."

ನಾನು ಪೊರಕೆ ಕೆಳಗಿಟ್ಟೆ. "ಹೋಗಿ ಸ್ನಾನ ಮಾಡು, ನೀರು ಕಾದಿದೆ" ಎಂದೆ.

ಸಂಜೆ ಊಟಕ್ಕೆ ಮುದ್ದೆ, ಮೊಳಕೆ ಹುರುಳಿಕಾಳಿನ ಸಾರು, ಅನ್ನ, ಮಜ್ಜಿಗೆ. ಅವನು ಎರಡು ಮುದ್ದೆ ತಿಂದ, ಚೌಕ ಮಾಡದೆ. ಅನ್ನ ಬೇಡವೆಂದು ಎದ್ದು ಕೈ ತೊಳೆದು, ಚಾಪೆಯ ಮೇಲೆ ಸುಮ್ಮನೆ ಬೆನ್ನು ನೀಡುತ್ತೇನೆಂದು ಹೇಳಿ, ನಾವು ಇನ್ನೂ ಸಾರು ಕಲಸುತ್ತಿರುವಾಗಲೇ ನಿದ್ದೆ ಹೋದ. ಎಂಟು ಗಂಟೆಯೂ ಆಗಿರಲಿಲ್ಲ. ಅತ್ತೆ ಎಂಜಲು ಕೈಯಲ್ಲೇ ಎದ್ದು, ಎಡಗೈಯಿಂದ ಹಜಾರದ ಟ್ಯೂಬ್‌ಲೈಟು ಆರಿಸಿದರು. "ಅವನ ಕಣ್ಣಿಗೆ ಹೊಡೀತದೆ" ಎಂದರು. ಮಿಕ್ಕ ಮೂವರೂ ಅಡುಗೆಮನೆಯಿಂದ ಬರುತ್ತಿದ್ದಷ್ಟು ಬೆಳಕಿನಲ್ಲೇ ಊಟ ಮುಗಿಸಿದೆವು.